ಹಣಕಾಸು ಕ್ಷೇತ್ರಕ್ಕೆ ಲಾ ಓದಬೇಕೇ? ಎಲ್‌ಎಲ್‌ಬಿ, ಸಿಎ, ಸಿಎಸ್, ಎಂಬಿಎ, ಸಿಎಫ್‌ಎ ನಡುವಿನ ಲೆಕ್ಕಾಚಾರ

ಬಿಕಾಂ ಮುಗಿಸಿ ಮುಂದೇನು ಎಂದು ಕೂತವರು, ಬ್ಯಾಂಕಿನಲ್ಲಿ ಎರಡು ಮೂರು ವರ್ಷ ಕಳೆದವರು, ಸಿಎ ಇಂಟರ್‌ನಲ್ಲಿ ಸಿಕ್ಕಿಹಾಕಿಕೊಂಡವರು ಎಲ್ಲರೂ ಒಂದಲ್ಲ ಒಂದು ದಿನ ಕೇಳಿಕೊಳ್ಳುವ ಪ್ರಶ್ನೆ ಇದು: ಜೊತೆಗೊಂದು ಲಾ ಮಾಡಿಬಿಟ್ಟರೆ ಹೇಗೆ? 'ಲಾ ಓದಿದ್ದು ಎಲ್ಲಿಗಾದರೂ ಆಗುತ್ತೆ' ಎಂದು ಹೇಳುವವರು ಮನೆಯಲ್ಲೊಬ್ಬರು, ಆಫೀಸಿನಲ್ಲೊಬ್ಬರು ಇದ್ದೇ ಇರುತ್ತಾರೆ. ಅವರ ಮಾತು ಅರ್ಧ ನಿಜ. ಹಣಕಾಸು ಕ್ಷೇತ್ರದ ಕೆಲವು ಕುರ್ಚಿಗಳಿಗೆ ಎಲ್‌ಎಲ್‌ಬಿಯೇ ಬಾಗಿಲು, ಕೆಲವಕ್ಕೆ ಅದು ಎರಡನೇ ಬಲ, ಉಳಿದವಕ್ಕೆ ರೆಸ್ಯೂಮೆಯಲ್ಲಿ ಒಂದು ಸಾಲು ಅಷ್ಟೆ. ಹಾಗಾಗಿ ಕೋರ್ಸುಗಳನ್ನು ಹೋಲಿಸುವ ಮೊದಲು ಕುರ್ಚಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಇಲ್ಲಿ ಹೇಳುವುದೆಲ್ಲ ಭಾರತದ ನಿಯಮಗಳಿಗೆ ಸಂಬಂಧಿಸಿದ್ದು.

ಯಾವ ಕುರ್ಚಿಗೆ ಕಾನೂನು ಬೇಕು

ಷೇರು ಸಂಶೋಧನೆ, ಟ್ರೇಡಿಂಗ್, ಮ್ಯೂಚುವಲ್ ಫಂಡ್ ನಿರ್ವಹಣೆ, ಬ್ಯಾಂಕಿನ ಟ್ರೆಷರಿ, ಕಂಪನಿಯೊಳಗಿನ ಬಜೆಟ್ ಮತ್ತು ಯೋಜನೆಯ ಕೆಲಸ. ಇವುಗಳ ಸಂದರ್ಶನದಲ್ಲಿ ಎಲ್‌ಎಲ್‌ಬಿ ಬಗ್ಗೆ ಒಂದು ಪ್ರಶ್ನೆಯೂ ಬರುವುದಿಲ್ಲ. ಬಂದರೂ 'ಮತ್ತೆ ಇಲ್ಲಿಗೇಕೆ ಬಂದಿರಿ' ಎಂಬ ಧಾಟಿಯಲ್ಲೇ ಬರುತ್ತದೆ. ಇಂಥ ಗುರಿಯಿದ್ದವರು ಮೂರು ವರ್ಷ ಲಾ ಓದುವುದು ಗಾಳಿಗೆ ಗುದ್ದಿದ ಹಾಗೆ.

ಇದಕ್ಕೆ ವಿರುದ್ಧವಾಗಿ, ಲಾ ಇಲ್ಲದೆ ಒಳಗೇ ಬಿಡದ ಜಾಗಗಳಿವೆ. ಸರ್ಕಾರಿ ಬ್ಯಾಂಕುಗಳ ಲಾ ಆಫೀಸರ್ ಹುದ್ದೆಗೆ ಐಬಿಪಿಎಸ್ ನಡೆಸುವ ಪರೀಕ್ಷೆಗೆ ಎಲ್‌ಎಲ್‌ಬಿ ಮಾತ್ರ ಸಾಲದು, ಬಾರ್ ಕೌನ್ಸಿಲ್‌ನಲ್ಲಿ ವಕೀಲರಾಗಿ ನೋಂದಣಿಯೂ ಆಗಿರಬೇಕು. ರಿಸರ್ವ್ ಬ್ಯಾಂಕಿನ ಲೀಗಲ್ ಆಫೀಸರ್ ಹುದ್ದೆಗೆ ಪದವಿಯ ಜೊತೆಗೆ ಅನುಭವವನ್ನೂ ಕೇಳುತ್ತಾರೆ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ಗ್ರೇಡ್ ಎ ನೇಮಕಾತಿಯಲ್ಲಿ ಕಾನೂನು ವಿಭಾಗಕ್ಕೇ ಬೇರೆ ಸೀಟುಗಳಿರುತ್ತವೆ. ಬಹಳ ಜನ ಗಮನಿಸದ ಒಂದು ಅಂಶ: ಸೆಬಿಯ ಸಾಮಾನ್ಯ ವಿಭಾಗದ ಅರ್ಹತೆಯಲ್ಲೂ ಸ್ನಾತಕೋತ್ತರ ಪದವಿ, ಸಿಎ, ಸಿಎಸ್ (ಕಂಪನಿ ಸೆಕ್ರೆಟರಿ), ಸಿಎಫ್‌ಎ (ಹೂಡಿಕೆ ವಿಶ್ಲೇಷಕರ ಅರ್ಹತೆ)ಗಳ ಜೊತೆಗೆ ಕಾನೂನು ಪದವಿಯ ಹೆಸರಿದೆ. ಬರೀ ಬಿಕಾಂ ಇದ್ದವರಿಗೆ ಮುಚ್ಚಿದ ಆ ಬಾಗಿಲು ಬಿಕಾಂ ಜೊತೆ ಎಲ್‌ಎಲ್‌ಬಿ ಇದ್ದವರಿಗೆ ತೆರೆದಿರುತ್ತದೆ.

ನಿಜವಾದ ಗೊಂದಲ ಇರುವುದು ಇವೆರಡರ ನಡುವೆ. ದಿವಾಳಿ ಪ್ರಕರಣಗಳು ಮತ್ತು ಕೆಟ್ಟ ಸಾಲಗಳ ಹೂಡಿಕೆ, ಪ್ರಾಜೆಕ್ಟ್ ಫೈನಾನ್ಸ್, ಕಂಪನಿಗಳ ಖರೀದಿ ಮತ್ತು ವಿಲೀನ, ಮರ್ಚೆಂಟ್ ಬ್ಯಾಂಕಿಂಗ್, ಪರ್ಯಾಯ ಹೂಡಿಕೆ ನಿಧಿಗಳ ರಚನೆ, ಕಂಪ್ಲಯನ್ಸ್ (ನಿಯಮಪಾಲನೆ ನೋಡಿಕೊಳ್ಳುವ ಕೆಲಸ), ತೆರಿಗೆ ವ್ಯಾಜ್ಯ ಎಲ್ಲ ಇಲ್ಲಿ ಬರುತ್ತವೆ. ಇವುಗಳಲ್ಲಿ ಲೆಕ್ಕ ಗೊತ್ತಿದ್ದು ಕರಾರನ್ನೂ ಓದಬಲ್ಲವರಿಗೆ ಬೆಲೆ ಹೆಚ್ಚು. ಆದರೆ ಬೆಲೆ ಇರುವುದು ಓದಬಲ್ಲ ಶಕ್ತಿಗೆ. ಆ ಶಕ್ತಿ ಬರಲು ಪದವಿಯೇ ಬೇಕೋ ಬೇಡವೋ ಎಂಬುದು ಬೇರೆ ಪ್ರಶ್ನೆ.

ಒಂದು ಷರತ್ತು, ಮೂರು ಉತ್ತರ

ಈ ವ್ಯತ್ಯಾಸ ಕಾಣಬೇಕಾದರೆ ಸಾಲದ ಕರಾರಿನ ಒಂದೇ ಒಂದು ಷರತ್ತನ್ನು ಹತ್ತಿರದಿಂದ ನೋಡಬೇಕು. 'ಸಾಲಗಾರ ಕಂಪನಿಯ ನಿವ್ವಳ ಸಾಲವು ಅದರ ಎಬಿಟ್ಡಾದ 3.5 ಪಟ್ಟನ್ನು ಮೀರತಕ್ಕದ್ದಲ್ಲ' ಎಂದು ಬರೆದಿದೆ ಎನ್ನಿ. ನಿವ್ವಳ ಸಾಲ 355 ಕೋಟಿ ರೂಪಾಯಿ, ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿಗೆ ಮುಂಚಿನ ಲಾಭ) 92 ಕೋಟಿ. ಎಕ್ಸೆಲ್‌ನಲ್ಲಿ ಭಾಗಿಸಿದರೆ 3.86. ಷರತ್ತು ಮುರಿದಿದೆ, ಕಂಪನಿ ಸುಸ್ತಿಯಾಗಿದೆ (ಡಿಫಾಲ್ಟ್).

ಈಗ ವ್ಯಾಖ್ಯೆಗಳ ಪುಟ ತೆಗೆಯಿರಿ. ಎಬಿಟ್ಡಾ ಲೆಕ್ಕ ಹಾಕುವಾಗ ಒಂದೇ ಬಾರಿ ಬರುವ ಅಸಾಧಾರಣ ವೆಚ್ಚಗಳನ್ನು ಮರಳಿ ಸೇರಿಸಿಕೊಳ್ಳಬಹುದು ಎಂದಿದೆ. ಆ ವರ್ಷ ಗೋದಾಮಿಗೆ ಬೆಂಕಿ ಬಿದ್ದು 12 ಕೋಟಿ ನಷ್ಟವಾಗಿತ್ತು. ಸೇರಿಸಿದರೆ ಎಬಿಟ್ಡಾ 104 ಕೋಟಿ, ಅನುಪಾತ 3.41. ಸುಸ್ತಿ ಇಲ್ಲ. ಅದೇ ವಾಕ್ಯದ ಕೊನೆಗೆ, ಅಲ್ಪವಿರಾಮದ ಆಚೆಗೆ, ಹೀಗೆ ಸೇರಿಸುವ ಮೊತ್ತ ಎಬಿಟ್ಡಾದ 10% ಮೀರಬಾರದು ಎಂದೂ ಇದೆ. ಆಗ ಸೇರಿಸಲು ಸಿಗುವುದು 9.2 ಕೋಟಿ ಮಾತ್ರ. ಎಬಿಟ್ಡಾ 101.2 ಕೋಟಿ, ಅನುಪಾತ 3.51. ಕೂದಲೆಳೆಯಷ್ಟು ಅಂತರದಲ್ಲಿ ಮತ್ತೆ ಸುಸ್ತಿ. ಅಷ್ಟೇ ಅಲ್ಲ, ಬೇರೆ ಬ್ಯಾಂಕುಗಳ ಕರಾರಿನಲ್ಲಿ 'ಒಂದು ಕಡೆ ಸುಸ್ತಿಯಾದರೆ ಇಲ್ಲಿಯೂ ಸುಸ್ತಿ' ಎಂಬ ಷರತ್ತಿದ್ದರೆ ಈ 0.01 ಎಲ್ಲ ಸಾಲಗಳನ್ನೂ ಒಟ್ಟಿಗೆ ಎಳೆದುಕೊಂಡು ಬೀಳುತ್ತದೆ.

ಭಾಗಾಕಾರ ಗೊತ್ತಿದ್ದವರಿಗೆ ಮೊದಲ ಉತ್ತರ ಸಿಗುತ್ತದೆ. ವ್ಯಾಖ್ಯೆ ಓದುವ ಅಭ್ಯಾಸವಿದ್ದವರಿಗೆ ಎರಡನೆಯದು, ವಾಕ್ಯವನ್ನು ಕೊನೆತನಕ ಓದುವವರಿಗೆ ಮೂರನೆಯದು. ಮೂರನೆಯ ಉತ್ತರ ತಲುಪಲು ಎಲ್‌ಎಲ್‌ಬಿ ಬೇಕೇ? ಬೇಡ. ಒಳ್ಳೆಯ ಸಾಲ ವಿಭಾಗದಲ್ಲಿ ಆರು ತಿಂಗಳು ಕೂತು ಹತ್ತು ಹದಿನೈದು ಕರಾರು ಓದಿದರೆ ಈ ಕಣ್ಣು ಬರುತ್ತದೆ. ಆದರೆ ಸಾಲಗಾರ ಈ ವ್ಯಾಖ್ಯೆಯನ್ನೇ ಪ್ರಶ್ನಿಸಿ ನ್ಯಾಯಮಂಡಳಿಗೆ ಹೋದರೆ ಏನಾಗುತ್ತದೆ, ಎಷ್ಟು ಕಾಲ ಹಿಡಿಯುತ್ತದೆ, ತಡೆಯಾಜ್ಞೆ ಸಿಗುವ ಸಂಭವ ಎಷ್ಟು ಎಂದು ಅಂದಾಜಿಸಲು ಕರಾರು ಓದಿದ್ದಷ್ಟೇ ಸಾಲುವುದಿಲ್ಲ. ಪದವಿಯ ಬೆಲೆ ಶುರುವಾಗುವುದು ಅಲ್ಲಿಂದ.

ದಿವಾಳಿ ಸಂಹಿತೆ: ಲಾ ಹೆಚ್ಚು ಫಲ ಕೊಡುವ ಜಾಗ

2016ರ ದಿವಾಳಿ ಸಂಹಿತೆ ಬಂದಮೇಲೆ ಕಾನೂನು ಮತ್ತು ಹಣಕಾಸು ಒಂದೇ ಮೇಜಿಗೆ ಬಂದವು. ಸಾಲ ತೀರಿಸಲಾಗದ ಕಂಪನಿಯ ಪರಿಹಾರ ಪ್ರಕ್ರಿಯೆಗೆ 180 ದಿನ, ಬೇಕಿದ್ದರೆ 90 ದಿನ ಹೆಚ್ಚು, ವ್ಯಾಜ್ಯದ ಕಾಲವೂ ಸೇರಿ 330 ದಿನ ಎಂಬುದು ಕಾಯಿದೆಯ ಮಾತು. ಪರಿಹಾರ ಯೋಜನೆ ಒಪ್ಪಲು ಸಾಲದಾತರ ಸಮಿತಿಯ 66% ಮತ ಬೇಕು. ಕೆಟ್ಟ ಸಾಲ ಕೊಳ್ಳುವ ಹೂಡಿಕೆದಾರ ಎಕ್ಸೆಲ್‌ನಲ್ಲಿ ಹಾಕುವ ಎರಡು ಮುಖ್ಯ ಅಂಕಿಗಳು 'ಎಷ್ಟು ವಾಪಸ್ ಬರುತ್ತದೆ' ಮತ್ತು 'ಯಾವಾಗ ಬರುತ್ತದೆ'. ಎರಡನ್ನೂ ತೀರ್ಮಾನಿಸುವುದು ನ್ಯಾಯಾಲಯಗಳು.

ಭೂಷಣ್ ಪವರ್ ಆಂಡ್ ಸ್ಟೀಲ್ ಪ್ರಕರಣ ನೋಡಿ. ದಿವಾಳಿ ಪ್ರಕ್ರಿಯೆಯಲ್ಲಿದ್ದ ಆ ಕಂಪನಿಯನ್ನು ಕೊಳ್ಳುವ ಜೆಎಸ್‌ಡಬ್ಲ್ಯು ಸ್ಟೀಲ್‌ನ ಯೋಜನೆಗೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಒಪ್ಪಿಗೆ ಕೊಟ್ಟಿದ್ದು 2019ರ ಸೆಪ್ಟೆಂಬರ್‌ನಲ್ಲಿ. ಬ್ಯಾಂಕುಗಳಿಗೆ 19,000 ಕೋಟಿ ರೂಪಾಯಿಗೂ ಮೀರಿದ ಹಣ 2021ರಲ್ಲಿ ಸಂದಾಯವಾಯಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಯೋಜನೆಯನ್ನೇ ರದ್ದು ಮಾಡಿ ಕಂಪನಿಯನ್ನು ಸಮಾಪನೆಗೆ (ಮುಚ್ಚಿ ಆಸ್ತಿ ಮಾರಲು) ಒಯ್ಯಲು ಹೇಳಿತು. ಜುಲೈನಲ್ಲಿ ಅದೇ ತೀರ್ಪನ್ನು ಹಿಂತೆಗೆದುಕೊಂಡಿತು. ಸೆಪ್ಟೆಂಬರ್‌ನಲ್ಲಿ ಯೋಜನೆಯನ್ನು ಎತ್ತಿಹಿಡಿಯಿತು. ಆ ಐದು ತಿಂಗಳಲ್ಲಿ ಹೂಡಿಕೆಯ ಹಣೆಬರಹ ಬದಲಿಸಿದ್ದು ಕೋರ್ಟಿನ ತೀರ್ಪುಗಳು, ಕಾರ್ಖಾನೆಯಲ್ಲ. ಹಾಗೆಯೇ 2022ರ ರೇನ್‌ಬೋ ಪೇಪರ್ಸ್ ತೀರ್ಪಿನಲ್ಲಿ ಗುಜರಾತ್ ಮೌಲ್ಯವರ್ಧಿತ ತೆರಿಗೆ ಕಾಯಿದೆಯಡಿ ರಾಜ್ಯ ಸರ್ಕಾರವೂ ಭದ್ರತೆಯುಳ್ಳ (ಅಡವು ಹಿಡಿದವರಿಗೆ ಸಮನಾದ) ಸಾಲದಾತ ಎಂದಾಗ, ಪಾವತಿ ಸರದಿಯಲ್ಲಿ ತೆರಿಗೆ ಬಾಕಿ ಹಿಂದೆ ಇದೆ ಎಂದು ಲೆಕ್ಕ ಹಾಕಿದ್ದವರೆಲ್ಲ ಮತ್ತೆ ಲೆಕ್ಕ ಹಾಕಬೇಕಾಯಿತು.

ಈ ದಾರಿ ಹಿಡಿಯುವವರಿಗೆ ಲಾ ಕಾಲೇಜಿನ ಸಮಯ ಹಾಳಲ್ಲ. ಮುಂದೆ ದಿವಾಳಿ ವೃತ್ತಿಪರರಾಗಿ (ಈ ಪ್ರಕ್ರಿಯೆ ನಡೆಸುವವರು) ನೋಂದಾಯಿಸಿಕೊಳ್ಳುವ ಅವಕಾಶವೂ ಇದೆ: ಅದಕ್ಕೊಂದು ಸೀಮಿತ ದಿವಾಳಿ ಪರೀಕ್ಷೆ, ವಕೀಲ, ಸಿಎ ಅಥವಾ ಸಿಎಸ್ ಆಗಿ 10 ವರ್ಷದ ಅನುಭವ ಬೇಕು. ಬರೀ ಪದವಿ ಇದ್ದು ಆಡಳಿತ ನಿರ್ವಹಣೆಯಲ್ಲಿದ್ದವರಿಗಾದರೆ 15 ವರ್ಷ.

ದಾರಿಗಳ ಹೋಲಿಕೆ

ಮೂರು ವರ್ಷದ ಎಲ್‌ಎಲ್‌ಬಿಗೆ ಯಾವುದೇ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ 45%, ಹಿಂದುಳಿದ ವರ್ಗಗಳಿಗೆ 42%, ಪರಿಶಿಷ್ಟರಿಗೆ 40% ಅಂಕ ಬೇಕು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2022ರಿಂದ ಈ ಕೋರ್ಸ್ ನಡೆಸುತ್ತಿದ್ದು ಪ್ರವೇಶ ಎನ್‌ಎಲ್‌ಎಸ್‌ಎಟಿ ಪರೀಕ್ಷೆಯ ಮೂಲಕ. ದೆಹಲಿ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಪಿಜಿ, ಮಹಾರಾಷ್ಟ್ರದ ಕಾಲೇಜುಗಳಿಗೆ ಅಲ್ಲಿನ ಸಿಇಟಿ ಬರೆಯಬೇಕು. ಬಾರ್ ಕೌನ್ಸಿಲ್ ಚೌಕಟ್ಟಿನಲ್ಲಿ 20 ಕಡ್ಡಾಯ, 4 ಪ್ರಾಯೋಗಿಕ, 6 ಐಚ್ಛಿಕ ಪತ್ರಿಕೆಗಳಿವೆ. ಕಡ್ಡಾಯ 20ರಲ್ಲಿ ಹಣಕಾಸಿಗೆ ನೇರವಾಗಿ ತಾಗುವುದು ಐದು: ಕರಾರು ಕಾನೂನು ಎರಡು ಭಾಗ, ಆಸ್ತಿ, ಕಂಪನಿ, ತೆರಿಗೆ. ವಸೂಲಿ ಕೆಲಸಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆ ಮತ್ತು ಕಾಲಮಿತಿ ಕಾನೂನು (ಎರಡೂ ಸೇರಿ ಒಂದೇ ಪತ್ರಿಕೆ), ನಿಯಂತ್ರಕರ ಜೊತೆಗಿನ ವ್ಯವಹಾರಕ್ಕೆ ಆಡಳಿತ ಕಾನೂನು ಸೇರಿಸಿದರೆ ಏಳು. ಉಳಿದದ್ದು ಕುಟುಂಬ, ಅಪರಾಧ, ಸಂವಿಧಾನ, ಕಾರ್ಮಿಕ, ಪರಿಸರ, ಅಂತರರಾಷ್ಟ್ರೀಯ ಕಾನೂನು ಮುಂತಾದವು. ಇದೆಲ್ಲ ವ್ಯರ್ಥ ಎಂದಲ್ಲ. ಆದರೆ ಹಣಕಾಸಿಗಾಗಿಯೇ ಸೇರುವವರಿಗೆ ಈ ಪ್ರಮಾಣ ಮೊದಲೇ ಗೊತ್ತಿರಬೇಕು.

ಪಿಯುಸಿ ನಂತರದ ಐದು ವರ್ಷದ ಬಿಬಿಎ ಎಲ್‌ಎಲ್‌ಬಿ ಅಥವಾ ಬಿಕಾಂ ಎಲ್‌ಎಲ್‌ಬಿ ಬೇರೆಯೇ ಲೆಕ್ಕ. ಬಿಕಾಂ ಮೂರು, ಲಾ ಮೂರು ಸೇರಿ ಆರಾಗುವ ಜಾಗದಲ್ಲಿ ಒಂದು ವರ್ಷ ಉಳಿಯುತ್ತದೆ. ಒಳ್ಳೆಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕರೆ (ಪ್ರವೇಶ ಪರೀಕ್ಷೆ ಕ್ಲಾಟ್‌ನಲ್ಲಿ 120 ಪ್ರಶ್ನೆ, 2 ಗಂಟೆ) ದೊಡ್ಡ ಕಾನೂನು ಸಂಸ್ಥೆಗಳ ಬ್ಯಾಂಕಿಂಗ್, ಬಂಡವಾಳ ಮಾರುಕಟ್ಟೆ ತಂಡಗಳು ಕ್ಯಾಂಪಸ್ಸಿಗೇ ಬರುತ್ತವೆ. ಅಲ್ಲಿಂದ ಬ್ಯಾಂಕಿನ ಅಥವಾ ಹೂಡಿಕೆ ನಿಧಿಯ ಒಳಗಿನ ಕಾನೂನು ತಂಡಕ್ಕೆ ಹೋಗುವುದು ಸಲೀಸು. ಹೂಡಿಕೆ ತೀರ್ಮಾನ ಮಾಡುವ ತಂಡಕ್ಕೆ ದಾಟುವುದು ಕಷ್ಟ. ಅದಕ್ಕೆ ಹೆಚ್ಚಿನವರು ನಡುವೆ ಎಂಬಿಎ ಮಾಡಬೇಕಾಗುತ್ತದೆ.

ಸಿಎ ಲೆಕ್ಕ ತಿಳಿದವರ ಮುದ್ರೆ. ಈಗಿನ ಪದ್ಧತಿಯಲ್ಲಿ ಇಂಟರ್ 6 ಪತ್ರಿಕೆ, ಫೈನಲ್ 6 ಪತ್ರಿಕೆ, ಆರ್ಟಿಕಲ್‌ಶಿಪ್ (ಸಿಎ ಕಚೇರಿಯಲ್ಲಿ ತರಬೇತಿ) 2 ವರ್ಷ. ಪ್ರತಿ ಪತ್ರಿಕೆಗೆ 40%, ಗುಂಪಿಗೆ ಒಟ್ಟು 50% ಬೇಕು. ಶುಲ್ಕ ಕಡಿಮೆ, ಆದರೆ ಎಂದು ಮುಗಿಯುತ್ತದೆ ಎಂದು ಹೇಳಲಾಗದು. ಎಲ್‌ಎಲ್‌ಬಿ ಹಾಗಲ್ಲ, ಸೇರಿದವರಲ್ಲಿ ಬಹುಪಾಲು ಜನ ಮೂರು ವರ್ಷಕ್ಕೋ ನಾಲ್ಕಕ್ಕೋ ಹೊರಬರುತ್ತಾರೆ. ಈ 'ಖಚಿತ ಗಡುವು' ಸಿಎಯಲ್ಲಿ ಸೋತವರನ್ನು ಲಾ ಕಡೆ ಎಳೆಯುತ್ತದೆ. ಸೆಳೆತ ಅರ್ಥವಾಗುವಂಥದ್ದೇ, ಆದರೆ ಸಿಎ ಇಂಟರ್ ಎರಡೂ ಗುಂಪು ಪಾಸಾದವರು ಫೈನಲ್ ಬಿಟ್ಟು ಲಾ ಸೇರುವುದು ತಪ್ಪು ಲೆಕ್ಕ. ಫೈನಲ್ ಮುಗಿಸಿ ಆಮೇಲೆ ಲಾ ಓದಿದರೆ ಎರಡಕ್ಕೂ ಬೆಲೆ. ತೆರಿಗೆ ವ್ಯಾಜ್ಯದಲ್ಲಿ ಇದು ಕಣ್ಣಿಗೆ ಕಾಣುತ್ತದೆ: ಸಿಎ ಆದವರು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯವರೆಗೆ ವಾದಿಸಬಹುದು, ಹೈಕೋರ್ಟಿಗೆ ಹೋದಾಗ ವಕೀಲರೇ ಬೇಕು. ಎರಡೂ ಇದ್ದವರು ಅದೇ ಕಡತವನ್ನು ಕೈಬಿಡದೆ ಮೇಲಕ್ಕೆ ಒಯ್ಯುತ್ತಾರೆ.

ಕಂಪ್ಲಯನ್ಸ್ ಗುರಿಯಿದ್ದು ಕೆಲಸ ಬಿಡಲಾಗದವರಿಗೆ ಎಲ್‌ಎಲ್‌ಬಿಗಿಂತ ಸಿಎಸ್ ಮೇಲು ಎಂದು ಧೈರ್ಯವಾಗಿ ಹೇಳಬಹುದು. ಎಕ್ಸಿಕ್ಯೂಟಿವ್ 7, ಪ್ರೊಫೆಷನಲ್ 7 ಪತ್ರಿಕೆ, 21 ತಿಂಗಳ ತರಬೇತಿ. ಪತ್ರಿಕೆಗಳಲ್ಲಿ ಹೆಚ್ಚಿನವು ಕಂಪನಿ, ಷೇರು ಮಾರುಕಟ್ಟೆ ಕಾನೂನುಗಳೇ. ಮನೆಯಲ್ಲೇ ಓದಿಕೊಂಡು ಪರೀಕ್ಷೆ ಬರೆಯಬಹುದು. ಪಟ್ಟಿಯಾದ ಕಂಪನಿಗಳಿಗೂ 10 ಕೋಟಿ ರೂಪಾಯಿ ಅಥವಾ ಹೆಚ್ಚಿನ ಪಾವತಿತ ಬಂಡವಾಳದ ಕಂಪನಿಗಳಿಗೂ ಪೂರ್ಣಾವಧಿ ಕಂಪನಿ ಸೆಕ್ರೆಟರಿ ಕಡ್ಡಾಯ, ಹಾಗಾಗಿ ಬೇಡಿಕೆಗೆ ಕಾನೂನಿನದೇ ಬೆಂಬಲ ಇದೆ. ಬ್ರೋಕರ್ ಸಂಸ್ಥೆಯ ಕಂಪ್ಲಯನ್ಸ್ ಅಧಿಕಾರಿಗೆ ಇದಲ್ಲದೆ ಷೇರು ಮಾರುಕಟ್ಟೆ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನ 3ಎ ಸರಣಿಯ ಪ್ರಮಾಣಪತ್ರವೂ ಬೇಕು. ಅದು ಕೆಲವು ವಾರಗಳ ಓದಿನ ಮಾತು. ಈ ಕೆಲಸ ನಿಮಗೆ ಹಿಡಿಸುತ್ತದೋ ಇಲ್ಲವೋ ತಿಳಿಯಲು ಇಷ್ಟು ಅಗ್ಗದ ಪರೀಕ್ಷೆ ಬೇರೆ ಇಲ್ಲ.

ಎಂಬಿಎ ಕೊಳ್ಳುವುದು ಕ್ಯಾಂಪಸ್ ಸಂದರ್ಶನದ ಬಾಗಿಲನ್ನು. ಹೂಡಿಕೆ ಬ್ಯಾಂಕುಗಳು ಬರುವ ಕ್ಯಾಂಪಸ್ ಆಗಿದ್ದರೆ ಎರಡು ವರ್ಷಕ್ಕೆ ಅರ್ಥವಿದೆ, ಇಲ್ಲದಿದ್ದರೆ ಲಾ ಕಾಲೇಜಿಗಿಂತ ದುಬಾರಿ ತಪ್ಪು. ಸಿಎಫ್‌ಎ ಮೂರು ಹಂತ, ಪ್ರತಿ ಹಂತಕ್ಕೆ ಸುಮಾರು 300 ಗಂಟೆ ಓದು, ಚಾರ್ಟರ್ ಸಿಗಲು 4,000 ಗಂಟೆಗಳ ಸಂಬಂಧಪಟ್ಟ ಕೆಲಸ. ಕೆಲಸ ಬಿಡದೆ ಮಾಡಬಹುದು. ಸಂಶೋಧನೆ, ಫಂಡ್ ಕಡೆ ಮನಸ್ಸಿದ್ದವರಿಗೆ ಇದರೆದುರು ಎಲ್‌ಎಲ್‌ಬಿ ಸ್ಪರ್ಧೆಯಲ್ಲೇ ಇಲ್ಲ.

ಅಮೆರಿಕದ ಸಲಹೆಗಳನ್ನು ಓದಿ ಇಲ್ಲಿ ತೀರ್ಮಾನಿಸುವವರಿಗೆ ಒಂದು ಮಾತು. ಅಲ್ಲಿ ಲಾ ಎಂದರೆ ಪದವಿಯ ನಂತರದ ಮೂರು ವರ್ಷದ ಜೆಡಿ, ಅದೇ ವಿಶ್ವವಿದ್ಯಾಲಯದ ಎಂಬಿಎ ಜೊತೆ ಕೂಡಿಸಿ ನಾಲ್ಕು ವರ್ಷದಲ್ಲಿ ಎರಡನ್ನೂ ಮುಗಿಸುವ ದಾರಿಯಿದೆ. ನಮ್ಮಲ್ಲಿ ಆ ಸೇತುವೆ ಇಲ್ಲ. ಇಲ್ಲಿನ ಎಲ್‌ಎಲ್‌ಬಿ ಮೇಲೆ ಅಲ್ಲಿ ಒಂದು ವರ್ಷದ ಎಲ್‌ಎಲ್‌ಎಂ ಮಾಡಿದರೂ ಅದು ಜೆಡಿಗೆ ಸಮವಾಗುವುದಿಲ್ಲ.

ಎಲ್ಲಿ ಎಡವುತ್ತಾರೆ

ಮೊದಲನೆಯದು ಹಾಜರಾತಿ. ಎಲ್‌ಎಲ್‌ಬಿ ಅಂಚೆ ಶಿಕ್ಷಣದಲ್ಲಿ ಇಲ್ಲ. ಪ್ರತಿ ವಿಷಯಕ್ಕೆ 70% ಹಾಜರಾತಿ ಬೇಕು, ಒಟ್ಟಾರೆ 70% ಇದ್ದು ಒಂದೆರಡು ವಿಷಯದಲ್ಲಿ 65% ಇದ್ದರೆ ವಿನಾಯಿತಿ ಸಿಗಬಹುದು. ಒಂದೇ ಕಾಲಕ್ಕೆ ಎರಡು ರೆಗ್ಯುಲರ್ ಪದವಿಗಳಿಗೂ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶವಿಲ್ಲ. 'ಸೇರಿಕೊಳ್ಳಿ, ಅಟೆಂಡೆನ್ಸ್ ನಾವು ನೋಡಿಕೊಳ್ತೇವೆ' ಎನ್ನುವ ಕಾಲೇಜುಗಳ ಮಾತು ನಂಬಿದವರ ಕಷ್ಟ ಕಾಣುವುದು ವರ್ಷಗಳ ನಂತರ. ಬ್ಯಾಂಕು ಅಥವಾ ನಿಯಂತ್ರಣ ಸಂಸ್ಥೆ ಹಿನ್ನೆಲೆ ಪರಿಶೀಲಿಸುವಾಗ ಅದೇ ಅವಧಿಗೆ ಬೇರೆ ಊರಿನ ಪೂರ್ಣಾವಧಿ ಸಂಬಳದ ಚೀಟಿಯೂ ರೆಗ್ಯುಲರ್ ಪದವಿಯೂ ಒಟ್ಟಿಗೆ ಕಂಡರೆ ವಿವರಣೆ ಕೇಳುತ್ತಾರೆ. ಕೊಡಲು ವಿವರಣೆ ಇರುವುದಿಲ್ಲ. ಸಿಎ ಆರ್ಟಿಕಲ್‌ಶಿಪ್ ನಡುವೆ ಲಾ ಓದುವವರು ಸಿಎ ಸಂಸ್ಥೆಗೆ 112ನೇ ನಮೂನೆಯಲ್ಲಿ ಅನುಮತಿ ಕೇಳಬೇಕು, ತರಗತಿಯ ಹೊತ್ತು ಆಫೀಸಿನ ಹೊತ್ತಿಗೆ ಅಡ್ಡ ಬರಬಾರದು. ಕಾಲೇಜಿನ ವೇಳಾಪಟ್ಟಿ ಕೈಗೆ ಬರುವ ಮುಂಚೆ ಶುಲ್ಕ ಕಟ್ಟಬೇಡಿ.

ಎರಡನೆಯದು ಮೂಲ ಪದವಿ. ಪಿಯುಸಿ ಓದದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದ ಪದವಿ ಪಡೆದವರಿಗೆ ಎಲ್‌ಎಲ್‌ಬಿ ಸೀಟು ಸಿಕ್ಕರೂ ನೋಂದಣಿಯ ಹೊತ್ತಿಗೆ ತೊಂದರೆ ಬರುತ್ತದೆ.

ಮೂರನೆಯದು ಸನ್ನದು, ಅಂದರೆ ವಕೀಲರಾಗಿ ನೋಂದಣಿ. ಪದವಿ ಮುಗಿದ ಕೂಡಲೇ ಕಂಪನಿಗೆ ಸೇರುವವರು 'ಕೋರ್ಟಿಗೆ ಹೋಗೋದಿಲ್ಲವಲ್ಲ' ಎಂದು ನೋಂದಣಿ ಬಿಟ್ಟುಬಿಡುತ್ತಾರೆ, ಆಮೇಲೆ ಬ್ಯಾಂಕ್ ಲಾ ಆಫೀಸರ್ ಅರ್ಜಿ ತುಂಬುವಾಗ ಕೈಕೈ ಹಿಸುಕಿಕೊಳ್ಳುತ್ತಾರೆ. ಕೆಲಸಕ್ಕೆ ಸೇರುವ ಮೊದಲೇ ನೋಂದಾಯಿಸಿಕೊಳ್ಳಿ. 2024ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ವಕೀಲರ ಕಾಯಿದೆಯಲ್ಲಿರುವ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ, ಅದಕ್ಕಿಂತ ಹೆಚ್ಚು ವಸೂಲು ಮಾಡುವಂತಿಲ್ಲ. ಬಳಿಕ ಅಖಿಲ ಭಾರತ ಬಾರ್ ಪರೀಕ್ಷೆ: 100 ಪ್ರಶ್ನೆ, ಸಾಮಾನ್ಯ ವರ್ಗಕ್ಕೆ 45% ಸಾಕು. ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದ ದಿನ ಬಾರ್ ಕೌನ್ಸಿಲ್‌ಗೆ ತಿಳಿಸಿ ವಕೀಲಿಯನ್ನು ಅಮಾನತಿನಲ್ಲಿ ಇಡಬೇಕು. ಬಾರ್ ಕೌನ್ಸಿಲ್‌ನ 49ನೇ ನಿಯಮ ಇದನ್ನೇ ಹೇಳುತ್ತದೆ. ಹಗಲು ಬ್ಯಾಂಕ್, ಬಿಡುವಿನಲ್ಲಿ ವಕಾಲತ್ತು ಎಂಬುದು ನಡೆಯುವುದಿಲ್ಲ.

ದುಡ್ಡಿನ ಲೆಕ್ಕ

ಶುಲ್ಕವನ್ನು ಮಾತ್ರ ನೋಡಿ ಲಾ ಅಗ್ಗ ಎನ್ನುವವರು ಸಂಬಳ ಮರೆತಿರುತ್ತಾರೆ. ವರ್ಷಕ್ಕೆ 6 ಲಕ್ಷ ದುಡಿಯುವವರು ಕೆಲಸ ಬಿಟ್ಟು ಸೇರಿದರೆ ಮೂರು ವರ್ಷಕ್ಕೆ 18 ಲಕ್ಷ ಹೋಯಿತು. ಶುಲ್ಕ, ಪುಸ್ತಕ ವರ್ಷಕ್ಕೆ 1 ಲಕ್ಷ ಎಂದರೆ ಒಟ್ಟು 21 ಲಕ್ಷ. ಪದವಿಯಿಂದಾಗಿ ವರ್ಷಕ್ಕೆ 3 ಲಕ್ಷ ಹೆಚ್ಚು ಸಿಕ್ಕರೂ ಹಾಕಿದ್ದು ಮರಳಲು 7 ವರ್ಷ ಬೇಕು. ಮೂರು ವರ್ಷದ ಬಡ್ತಿ, ಬಡ್ಡಿ ಇದರಲ್ಲಿ ಸೇರಿಲ್ಲ. 21ನೇ ವಯಸ್ಸಿಗೆ, ಕೆಲಸ ಶುರುವಾಗುವ ಮುಂಚೆ ಸೇರಿದರೆ ಕಳೆದುಕೊಳ್ಳುವ ಸಂಬಳ ಕಡಿಮೆ. 30ರ ನಂತರ, ಹಣಕಾಸಿನಲ್ಲೇ ಒಂದು ಮಟ್ಟಕ್ಕೆ ಬಂದಿದ್ದು ಕಾನೂನೇ ಅಡ್ಡಗೋಡೆಯಾಗಿದೆ ಎಂದು ಕಂಡರೆ ಸೇರುವುದಕ್ಕೂ ಅರ್ಥವಿದೆ. ಅತಿ ದುಬಾರಿ ಕಾಲ 25ರಿಂದ 28. ಸಂಬಳ ಏರುತ್ತಿರುತ್ತದೆ, ಪರಿಣತಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಇನ್ನೊಂದು ಗಡುವೂ ಇದೆ: ಐಬಿಪಿಎಸ್ ಲಾ ಆಫೀಸರ್, ಸೆಬಿ ಗ್ರೇಡ್ ಎ ಎರಡಕ್ಕೂ ಸಾಮಾನ್ಯ ವರ್ಗದ ವಯೋಮಿತಿ 30. 27ಕ್ಕೆ ಲಾ ಸೇರಿದವರು ಮುಗಿಸುವ ಹೊತ್ತಿಗೆ ಆ ಬಾಗಿಲು ಮುಚ್ಚುತ್ತಿರುತ್ತದೆ.

ಸೇರುವ ಮುಂಚೆ ಒಂದು ವಾರ

ಸೆಬಿ ಜಾಲತಾಣದಲ್ಲಿ ಸಾರ್ವಜನಿಕ ವಿತರಣೆಗೆ ಬರುವ ಕಂಪನಿಗಳ ಕರಡು ವಿವರಪತ್ರಗಳು ಉಚಿತವಾಗಿ ಸಿಗುತ್ತವೆ. ನಿಮಗೆ ಗೊತ್ತಿರುವ ಉದ್ಯಮದ ಒಂದನ್ನು ಇಳಿಸಿಕೊಳ್ಳಿ. ನಾನೂರು ಐನೂರು ಪುಟ ಇರುತ್ತದೆ, ಹೆದರಬೇಡಿ. ಎರಡು ಸಂಜೆ ಬಾಕಿ ವ್ಯಾಜ್ಯಗಳ ಅಧ್ಯಾಯ ಮತ್ತು ಅಪಾಯಗಳ ಅಧ್ಯಾಯ ಓದಿ, ಕಂಪನಿಯ ಮೇಲಿರುವ ಪ್ರಕರಣಗಳಲ್ಲಿ ಯಾವ ಮೂರು ಹೂಡಿಕೆದಾರನಿಗೆ ನಿಜವಾಗಿ ತಟ್ಟುತ್ತವೆ, ಸೋತರೆ ಎಷ್ಟು ಹಣ ಹೋಗುತ್ತದೆ ಎಂದು ಒಂದು ಪುಟ ಬರೆಯಿರಿ. ಇನ್ನೆರಡು ಸಂಜೆ ಹಣಕಾಸು ತಃಖ್ತೆಗಳನ್ನೂ ಬೆಲೆಗೆ ಆಧಾರ ಹೇಳುವ ಅಧ್ಯಾಯವನ್ನೂ ಓದಿ, ಮೂರು ವರ್ಷದ ಲಾಭ, ನಗದು ಹರಿವು, ಸಾಲ ಎತ್ತಿಟ್ಟು ಬೆಲೆ ಹೆಚ್ಚೋ ಕಡಿಮೆಯೋ ಎಂದು ಇನ್ನೊಂದು ಪುಟ ಬರೆಯಿರಿ.

ಮೊದಲ ಪುಟ ಬರೆಯುವಾಗ ಹೊತ್ತು ಹೋದದ್ದೇ ಗೊತ್ತಾಗದಿದ್ದರೆ ಮೂರು ವರ್ಷದ ಎಲ್‌ಎಲ್‌ಬಿ ಅರ್ಜಿಯ ದಿನಾಂಕಗಳನ್ನು ನೋಡಿ. ಎರಡನೆಯದು ಹಿಡಿಸಿ ಮೊದಲನೆಯದನ್ನು ಮೂರು ಸಲ ಮುಂದೂಡಿದ್ದರೆ ಸಿಎ ಅಥವಾ ಸಿಎಫ್‌ಎ ನಿಮ್ಮ ಜಾಗ. ಎರಡೂ ಒಗ್ಗಿದವರು ಮೊದಲು ಲೆಕ್ಕದ ಅರ್ಹತೆ ಗಿಟ್ಟಿಸಿ, ಸಾಲ ವಸೂಲಿ ಅಥವಾ ಪ್ರಾಜೆಕ್ಟ್ ಫೈನಾನ್ಸ್ ವಿಭಾಗದಲ್ಲಿ ಒಂದೆರಡು ವರ್ಷ ಕೂತು, ಆಮೇಲೆ ಲಾ ಸೇರಲಿ. ಅಷ್ಟು ಹೊತ್ತಿಗೆ ಆರು ಐಚ್ಛಿಕ ಪತ್ರಿಕೆಗಳಲ್ಲಿ ಬ್ಯಾಂಕಿಂಗ್, ದಿವಾಳಿ, ಷೇರು ಮಾರುಕಟ್ಟೆ ಕಾನೂನು ಇವೆಯೇ ಎಂದು ಕಾಲೇಜಿನಲ್ಲಿ ಯಾರನ್ನು ಕೇಳಬೇಕು, ಏನನ್ನು ಕೇಳಬೇಕು ಎಂಬುದು ಅವರಿಗೇ ಗೊತ್ತಿರುತ್ತದೆ. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಕಳೆದ ವರ್ಷ ಆ ಪತ್ರಿಕೆಗೆ ತರಗತಿ ನಡೆದಿದೆಯೇ ಎಂದು ವಿಚಾರಿಸಿ.